ಕಲಾವಿದ್ಯಾರ್ಥಿಯೂ ಒಂದು ದೊಡ್ಡ ಸಂಖ್ಯೆಯೂ

“ಕಲಾವಿಭಾಗಕ್ಕೆ ಸೇರಿದವರಿಗೆ ಗಣಿತದ ಗೊಡವೆ ಏಕೆ?” ಎಂಬ ಮಾತು ನಮ್ಮಲ್ಲಿ ಗಾದೆಯಂತೆ ಬಳಕೆಗೆ ಬಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ಕಲಾವಿಭಾಗವನ್ನು ಆರಿಸಿಕೊಂಡದ್ದು ಸಾಹಿತ್ಯ, ಇತಿಹಾಸಗಳ ಮೇಲಿನ ಪ್ರೀತಿಯಿಂದ ಎಂದರೆ ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧ ಗಣಿತದ ಭಯ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ದಿನವೇ ಮಗ್ಗಿ, ಭಾಗಾಕಾರ, ವರ್ಗಮೂಲಗಳಿಗೆ ಎಳ್ಳುನೀರು ಬಿಟ್ಟು, “ಇನ್ನು ಪೀಡೆ ತೊಲಗಿತು” ಎಂದು ನಿಟ್ಟುಸಿರು ಬಿಟ್ಟವರು ನಮ್ಮ ತರಗತಿಗಳಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ವಿದ್ಯಾರ್ಥಿಮಿತ್ರರು ತಮ್ಮ ತಮ್ಮ ಮನಸ್ಸನ್ನೇ ಕೇಳಿಕೊಳ್ಳಲಿ.

ಈ ಭಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನನ್ನ ಅಭಿಪ್ರಾಯ ಇಷ್ಟೇ: ಸಂಖ್ಯೆಯನ್ನು ಬಿಟ್ಟವನು ಒಂದು ಪಠ್ಯವಿಷಯವನ್ನು ಮಾತ್ರ ಬಿಟ್ಟಂತಲ್ಲ, ಪರರು ಹೇಳಿದುದನ್ನು ತಾನೇ ಪರೀಕ್ಷಿಸಿ ನೋಡುವ ಹಕ್ಕನ್ನೂ ಬಿಟ್ಟುಕೊಟ್ಟಂತೆ. ಈ ಮಾತನ್ನು ಸಮರ್ಥಿಸಲು ಒಂದೇ ಒಂದು ದೊಡ್ಡ ಸಂಖ್ಯೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಪರದೇಶದಿಂದ ತಂದದ್ದಲ್ಲ. ಕನ್ನಡ ನಾಡಿನ ಅರಸನ ಕಾಲದಲ್ಲಿ, ಸುಮಾರು ೧೧೭೫ ವರುಷಗಳ ಹಿಂದೆ, ಒಬ್ಬ ಜೈನ ಗಣಿತಜ್ಞರು ನಮಗಾಗಿ ಪೋಣಿಸಿಟ್ಟುಹೋದದ್ದು.

ಕ್ರಿ. ಶ. ೮೧೪ರಿಂದ ೮೭೮ರವರೆಗೆ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರು ಕನ್ನಡ ವಿದ್ಯಾರ್ಥಿಗಳಿಗೆ ಹೊಸತಲ್ಲ. ‘ಕವಿರಾಜಮಾರ್ಗ’ ಹುಟ್ಟಿದ್ದು ಆತನ ಆಸ್ಥಾನದಲ್ಲಿ. ಆ ಕಾಲದಲ್ಲಿ ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದವನು ಅವನ ಸಾಮಂತ ಬಂಕೆಯ. ಬನವಾಸಿಯೋ ಇಂದಿನ ನಮ್ಮ ಶಿರಸಿ ತಾಲೂಕಿನ ಊರು. ಹೀಗೆ ನೃಪತುಂಗನ ಕಾಲದ ಚರಿತ್ರೆ ನಮ್ಮ ಮನೆಯ ಅಂಗಳದ ಚರಿತ್ರೆಯೂ ಹೌದು. ಅದೇ ಅರಸನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಅವನ ಪ್ರಶಂಸೆಯನ್ನು ಆರಂಭದಲ್ಲಿಯೇ ಮಾಡಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದರು. ‘ಕವಿರಾಜಮಾರ್ಗ’ವನ್ನು ಪರೀಕ್ಷೆಗಾಗಿಯಾದರೂ ನಾವು ಓದುತ್ತೇವೆ. ಅದರ ಒಡಹುಟ್ಟಿದ ಈ ಗ್ರಂಥದ ಹೆಸರನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಆಚಾರ್ಯರು ಆ ಗ್ರಂಥದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತದಿಂದ ಹೊರಟು, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ, ಮಹಾಕ್ಷೋಭದಲ್ಲಿ ಅದು ನಿಲ್ಲುತ್ತದೆ. ಗುಣಾಕಾರದ ಭಾಗಕ್ಕೆ ಬಂದಾಗ ಅವರು ಕೆಲವು ವಿಚಿತ್ರ ಲೆಕ್ಕಗಳನ್ನು ಕೊಡುತ್ತಾರೆ. ಅವುಗಳ ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರವನ್ನು ಯಾವ ತುದಿಯಿಂದ ಎಣಿಸಿದರೂ ಮಣಿಗಳ ಕ್ರಮ ಒಂದೇ ಆಗಿರುವಂತೆ! ಆದುದರಿಂದಲೇ ಅವುಗಳಿಗೆ ಕಂಠಾಭರಣವೆಂಬ ಹೆಸರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧; ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ಈ ಹಾರಗಳಲ್ಲಿ ನನಗೆ ಬಹಳ ಮೆಚ್ಚಾದದ್ದು ಇದು:

೨೭೯೯೪೬೮೧ × ೪೪೧ = ೧೨೩೪೫೬೫೪೩೨೧

ನಮ್ಮ ರೂಢಿಯಲ್ಲಿ ಓದುವುದಾದರೆ ೧೨೩೪ ಕೋಟಿ ೫೬ ಲಕ್ಷ ೫೪ ಸಾವಿರದ ೩೨೧. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಮತ್ತೆ ಒಂದೊಂದೇ ಮೆಟ್ಟಿಲು ಇಳಿದು ಬರುವ ಸಂಖ್ಯೆ. ನೋಡಿದೊಡನೆ “ಆಹಾ!” ಎನ್ನುತ್ತೇವೆ. ಸರಿಯೆ. ಆದರೆ “ಆಹಾ” ಎಂದು ನಿಂತುಬಿಟ್ಟರೆ ನಾವು ಹಾರವನ್ನು ದೂರದಿಂದ ಕಂಡವರಾದೆವು. ಅದರ ದಾರವನ್ನು ಮುಟ್ಟಿದವರಾಗಲಿಲ್ಲ.

ದಾರವನ್ನು ಹುಡುಕೋಣ. ೪೪೧ ಎಂಬುದು ೨೧ರ ವರ್ಗ. ಅಂದರೆ ೨೧ × ೨೧. ಹಾಗಾದರೆ ಇನ್ನೊಂದು ಸಂಖ್ಯೆಯೂ ವರ್ಗವಾಗಿರಬಹುದೆ? ವರ್ಗಮೂಲ ತೆಗೆದು ನೋಡಿದರೆ ೨೭೯೯೪೬೮೧ ಎಂಬುದು ೫೨೯೧ರ ವರ್ಗವೆಂದು ತಿಳಿಯುತ್ತದೆ. ಈಗ ೫೨೯೧ನ್ನು ೨೧ರಿಂದ ಗುಣಿಸಿರಿ: ೧೧೧೧೧೧. ಗುಟ್ಟು ಹೊರಬಿತ್ತು! ಆಚಾರ್ಯರ ಹಾರವೆಂದರೆ ಆರು ಒಂದುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು, ಅಷ್ಟೇ. ಹಾಗೆಯೇ ಕೊಟ್ಟಿದ್ದರೆ ಗುಟ್ಟು ಮೊದಲ ನೋಟಕ್ಕೇ ಬಯಲಾಗುತ್ತಿತ್ತು. ಅದಕ್ಕಾಗಿಯೇ ಅವರು ಅದನ್ನು ಎರಡು ಅಸಮಾನ ತುಂಡುಗಳನ್ನಾಗಿ ಮಾಡಿ ಶಿಷ್ಯನ ಕೈಗಿತ್ತರೆಂದು ನನಗೆ ತೋರುತ್ತದೆ.

ಇನ್ನೂ ಒಳಹೊಕ್ಕು ನೋಡಬಹುದು. ೨೧ ಎಂದರೆ ೩ × ೭; ೫೨೯೧ ಎಂದರೆ ೧೧ × ೧೩ × ೩೭. ಇವು ಐದೂ ಅವಿಭಾಜ್ಯ ಸಂಖ್ಯೆಗಳು, ಇನ್ನು ಒಡೆಯಲಾರವು. ನಮ್ಮ ದೊಡ್ಡ ಸಂಖ್ಯೆಯಲ್ಲಿ ಇವುಗಳಲ್ಲಿ ಪ್ರತಿಯೊಂದೂ ಎರಡೆರಡು ಸಲ ಇದೆ. ಆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಬಲ್ಲ ಸಂಖ್ಯೆಗಳು ಎಷ್ಟು? ಐದರಲ್ಲಿ ಪ್ರತಿಯೊಂದನ್ನೂ ನಾವು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು, ಮೂರು ಬಗೆ. ಹೀಗೆ ಮೂರನ್ನು ಐದು ಸಲ ಗುಣಿಸಿದರೆ ೨೪೩ ಭಾಜಕಗಳು. ಅವುಗಳಲ್ಲಿ ೧೧೧೧೧೧ ತನಗೆ ತಾನೇ ಜೊತೆ. ಉಳಿದ ೨೪೨ ಸೇರಿ ೧೨೧ ಜೋಡಿ. ಅಂದರೆ ಈ ಸಂಖ್ಯೆಯನ್ನು ಎರಡು ತುಂಡು ಮಾಡಲು ಒಟ್ಟು ೧೨೨ ದಾರಿಗಳಿವೆ. ಆಚಾರ್ಯರು ಆರಿಸಿದ್ದು ಅವುಗಳಲ್ಲಿ ಒಂದನ್ನು.

ಮಣಿಗಳು ಏರಿ ಇಳಿಯುವುದೇಕೆ? ಪಾಟಿಯ ಮೇಲೆ ೧೧೧೧೧೧ × ೧೧೧೧೧೧ ಎಂದು ಬರೆದು ಹಳೆಯ ರೀತಿಯಲ್ಲಿ ಗುಣಿಸಿ ನೋಡಿರಿ. ಆರು ಸಾಲುಗಳು ಬೀಳುತ್ತವೆ. ಪ್ರತಿ ಸಾಲಿನಲ್ಲಿಯೂ ಆರು ಒಂದುಗಳು. ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಮನೆಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಮುಂದೆ ಮೂರು, ಹೀಗೆ ನಡುಮನೆಯಲ್ಲಿ ಆರು. ಅಲ್ಲಿಂದ ಮತ್ತೆ ಇಳಿಕೆ. ಒಟ್ಟು ಒಂದುಗಳ ಲೆಕ್ಕ ಆರಾರಲೆ ಮೂವತ್ತಾರು. ಉತ್ತರದ ಅಂಕಿಗಳನ್ನೆಲ್ಲ ಕೂಡಿಸಿರಿ, ೧+೨+೩+೪+೫+೬+೫+೪+೩+೨+೧, ಅದೂ ಮೂವತ್ತಾರೇ! ಇಲ್ಲಿ ಮಂತ್ರವಿಲ್ಲ, ಮಾಯೆಯಿಲ್ಲ. ಒಂದನೆಯ ತರಗತಿಯಲ್ಲಿ ಕಲಿತ ಸ್ಥಾನಬೆಲೆ ಇದೆ.

ಕಾರಣ ತಿಳಿದವನಿಗೆ ಇನ್ನೊಂದು ಲಾಭವಿದೆ. ಹಾರ ಎಲ್ಲಿ ಹರಿಯುತ್ತದೆಂಬುದನ್ನೂ ಅವನು ಮುಂದಾಗಿ ಹೇಳಬಲ್ಲ. ಒಂಬತ್ತು ಒಂದುಗಳನ್ನು ತೆಗೆದುಕೊಂಡರೂ ಹಾರ ಸರಿಯಾಗಿಯೇ ಬರುತ್ತದೆ: ೧೨೩೪೫೬೭೮೯೮೭೬೫೪೩೨೧. ಅಂಗಡಿಯ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಈ ಹದಿನೇಳು ಅಂಕಿಗಳು ಹಿಡಿಸಲಾರವು. ನಮ್ಮ ಪಾಟಿಯಲ್ಲಿ ಹಿಡಿಸುತ್ತವೆ. ಆದರೆ ಹತ್ತು ಒಂದುಗಳಾದೊಡನೆ ನಡುಮನೆಯಲ್ಲಿ ಹತ್ತು ಬೀಳುತ್ತದೆ. ಸೊನ್ನೆ ಬರೆದು ದಶಕವನ್ನು ಎಡಕ್ಕೆ ಒಯ್ಯಬೇಕು. ಅಲ್ಲಿದ್ದ ಒಂಬತ್ತು ಹತ್ತಾಗಿ, ಅದರ ದಶಕವೂ ಎಡಕ್ಕೆ ಸರಿಯಬೇಕು. ಅಲ್ಲಿದ್ದ ಎಂಟು ಒಂಬತ್ತಾಗಬೇಕು. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಹಾರ ಹರಿಯಿತು, ಎಂಟನೆಯ ಮಣಿ ಎಡಬದಿಯಿಂದ ಕಾಣೆಯಾಯಿತು.

ಕಾಣೆಯಾದ ಈ ಎಂಟು ಆಚಾರ್ಯರ ಇನ್ನೊಂದು ಲೆಕ್ಕದಲ್ಲಿಯೂ ಇದೆ: ೧೨೩೪೫೬೭೯ × ೯ = ೧೧೧೧೧೧೧೧೧. ಇಲ್ಲಿ ಎಂಟು ಏಕಿಲ್ಲ? ಒಂಬತ್ತು ಒಂದುಗಳನ್ನು ಒಂಬತ್ತರಿಂದ ಭಾಗಿಸುತ್ತ ಹೋಗಿರಿ. ಹನ್ನೊಂದರಲ್ಲಿ ಒಂದು ಸಲ, ಶೇಷ ಎರಡು; ಇಪ್ಪತ್ತೊಂದರಲ್ಲಿ ಎರಡು ಸಲ, ಶೇಷ ಮೂರು; ಮೂವತ್ತೊಂದರಲ್ಲಿ ಮೂರು ಸಲ, ಶೇಷ ನಾಲ್ಕು. ಹೀಗೆಯೇ ಎಪ್ಪತ್ತೊಂದರಲ್ಲಿ ಏಳು ಸಲ, ಶೇಷ ಎಂಟು. ಕೊನೆಗೆ ಎಂಬತ್ತೊಂದು ಬಂದಾಗ ಎಂಟು ಸಲವಲ್ಲ, ಸರಿಯಾಗಿ ಒಂಬತ್ತು ಸಲ, ಶೇಷವಿಲ್ಲ. ಎಂಟಕ್ಕೆ ಅಲ್ಲಿ ಎಡೆಯೇ ಇಲ್ಲ. ಮೂರನೆಯ ತರಗತಿಯ ಭಾಗಾಕಾರದಿಂದ ಬಿಡಿಸಬಹುದಾದ ಗಂಟಿದು.

ಇಷ್ಟು ಲೆಕ್ಕವನ್ನು ಕಲಾವಿಭಾಗದ ಸಂಚಿಕೆಯಲ್ಲಿ ತುಂಬಿದುದಕ್ಕೆ ಸಂಪಾದಕರು ಕ್ಷಮಿಸಬೇಕು. ಇನ್ನು ನನ್ನ ವಾದಕ್ಕೆ ಬರುತ್ತೇನೆ.

ನಮ್ಮ ಪೂರ್ವಿಕರ ವಿದ್ಯೆಯ ವಿಷಯದಲ್ಲಿ ನಮಗೆ ಅಭಿಮಾನವಿದೆ, ಇರಲೇಬೇಕು. ಆದರೆ ಈ ಅಭಿಮಾನ ಇಂದು ಫೋನಿನಿಂದ ಫೋನಿಗೆ ಹಾರುವ ಸಂದೇಶವಾಗಿ ಬದಲಾಗಿದೆ. “ನಮ್ಮವರು ಎಲ್ಲವನ್ನೂ ತಿಳಿದಿದ್ದರು” ಎಂದು ಒಬ್ಬನು ಕಳಿಸುತ್ತಾನೆ. ಓದದೆಯೆ ಹತ್ತು ಮಂದಿ ಮುಂದೆ ಕಳಿಸುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು! ಮಹಾವೀರಾಚಾರ್ಯರಿಗೆ ಸಲ್ಲಿಸಬೇಕಾದ ಗೌರವ ಇದಲ್ಲ. ಅವರ ಲೆಕ್ಕವನ್ನು ಕೈಯಾರೆ ಮಾಡಿ ನೋಡುವುದೇ ಅವರಿಗೆ ತಕ್ಕ ಗೌರವ. ಹಾಗೆ ಮಾಡಿದಾಗ ಅವರು ಎಡವಿದ ಎಡೆಯೂ ಕಾಣುತ್ತದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಅವರು ಬರೆದರು. ಹನ್ನೆರಡನ್ನು ಸೊನ್ನೆಯಿಂದ ಭಾಗಿಸಿ ಹನ್ನೆರಡೇ ಬರುವುದಾದರೆ, ಆ ಹನ್ನೆರಡನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ ಹನ್ನೆರಡು ಬರಬೇಕಷ್ಟೆ. ಆದರೆ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಅವರೇ ಹೇಳುತ್ತಾರೆ. ಇದನ್ನು ತೋರಿಸಿಕೊಟ್ಟರೆ ಆಚಾರ್ಯರು ಸಣ್ಣವರಾಗುವುದಿಲ್ಲ. ಶಿಷ್ಯ ಗುರುವಿನ ಲೆಕ್ಕವನ್ನು ತಿದ್ದಬಲ್ಲ ವಿದ್ಯೆ ಎಂಬುದೇ ಗಣಿತದ ಹಿರಿಮೆ.

ನಮ್ಮ ಬೆಂಗಳೂರಿನವರಾದ ಶಕುಂತಲಾದೇವಿಯವರು ೧೯೮೦ನೆಯ ಜೂನ್ ೧೮ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿಯೇ ಗುಣಿಸಿ ೨೮ ಸೆಕೆಂಡುಗಳಲ್ಲಿ ಉತ್ತರವನ್ನಿತ್ತರು. ಅದು ಅಸಾಧಾರಣ ಪ್ರತಿಭೆ. ನಾವು ನಿಂತು ಕೈ ಚಪ್ಪಾಳೆ ತಟ್ಟಬಹುದು. ಆದರೆ ಆ ಪ್ರತಿಭೆಯನ್ನು ಮನೆಗೆ ಒಯ್ಯಲಾರೆವು. ಆಚಾರ್ಯರ ಹಾರವನ್ನಾದರೋ ಯಾರೂ ಮನೆಗೆ ಒಯ್ಯಬಹುದು. ಸೀಮೆಸುಣ್ಣ, ಪಾಟಿ, ಅರ್ಧ ಗಂಟೆಯ ತಾಳ್ಮೆ, ಇಷ್ಟಿದ್ದರೆ ಸಾಕು.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಖ್ಯೆಯನ್ನು ನೋಡೋಣ. ಇತಿಹಾಸದ ವಿದ್ಯಾರ್ಥಿಗಳಾದ ನಾವು ‘ಬನವಾಸಿ ಹನ್ನೆರಡು ಸಾವಿರ’ ಎಂದು ಓದುತ್ತೇವೆ. ಗಂಗವಾಡಿ ತೊಂಬತ್ತಾರು ಸಾವಿರ, ನೊಳಂಬವಾಡಿ ಮೂವತ್ತೆರಡು ಸಾವಿರ ಎಂದೂ ಓದುತ್ತೇವೆ. ಶಾಸನಗಳಲ್ಲಿ ಈ ಸಂಖ್ಯೆಗಳು ಸ್ಪಷ್ಟವಾಗಿವೆ. ಆದರೆ ಹನ್ನೆರಡು ಸಾವಿರ ಏನು? ಹಳ್ಳಿಗಳೋ, ಕಂದಾಯವೋ, ಕಾಲಾಳುಗಳೋ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಣಿಸಿದವನು ಹೇಗೆ ಎಣಿಸಿದನೆಂಬುದನ್ನು ನಮಗೆ ಬರೆದಿಡಲಿಲ್ಲ. ಆದುದರಿಂದ ಸಂಖ್ಯೆ ಉಳಿದರೂ ಅರ್ಥ ಕೈತಪ್ಪಿತು. ಒಂದೇ ನಾಡಿನ ಎರಡು ಸಂಖ್ಯೆಗಳು! ಒಂದಕ್ಕೆ ದಾರವಿದೆ, ಅದು ಸರ್ವರ ಸೊತ್ತು. ಇನ್ನೊಂದರ ದಾರ ಹರಿದಿದೆ. ಅದನ್ನು ಹೇಳಿದವರ ಬಾಯಿಯಿಂದಷ್ಟೇ ನಂಬಬೇಕು.

ನಮ್ಮ ದಿನನಿತ್ಯದ ಬದುಕಿನಲ್ಲಿ ಎದುರಾಗುವ ಸಂಖ್ಯೆಗಳೂ ಈ ಎರಡು ಜಾತಿಯವೇ. ಅಡಿಕೆ ಮಾರಾಟದ ಪಟ್ಟಿಯನ್ನೇ ತೆಗೆದುಕೊಳ್ಳಿರಿ. ಉದಾಹರಣೆಗೆ ೪೭ ಕಿಲೋ ಚಾಲಿ, ಕಿಲೋಗೆ ೩೮೬ ರೂಪಾಯಿ ಎಂದಿಟ್ಟುಕೊಳ್ಳೋಣ, ಮೊತ್ತ ೧೮೧೪೨. ಇದು ಸರಿಯೇ ಎಂದು ನಿಂತಲ್ಲಿಯೇ ನೋಡಲು ಹಳೆಯ ಉಪಾಯವಿದೆ. ಅಂಕಿಗಳನ್ನು ಕೂಡಿಸಿ ಒಂಬತ್ತುಗಳನ್ನು ಕಳೆಯಬೇಕು. ೪೭ರಿಂದ ೨ ಉಳಿಯುತ್ತದೆ, ೩೮೬ರಿಂದ ೮. ಇವೆರಡರ ಗುಣಲಬ್ಧ ೧೬, ಅದರಿಂದ ೭. ಮೊತ್ತದ ಅಂಕಿಗಳನ್ನು ಕೂಡಿಸಿದರೂ ೧೬, ೭. ತಾಳೆಯಾಯಿತು. ಹತ್ತು, ನೂರು, ಸಾವಿರಗಳಲ್ಲಿ ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಶೇಷ ಒಂದೇ ಆಗಿರುವುದು ಇದಕ್ಕೆ ಕಾರಣ.

ಆದರೆ ಬರೆಯುವವರ ಕೈತಪ್ಪಿ ೧೮೪೧೨ ಎಂದಾದರೆ? ಅಂಕಿಗಳು ಅವೇ ಆದುದರಿಂದ ಒಂಬತ್ತರ ಪರೀಕ್ಷೆ ಇದನ್ನು ಹಿಡಿಯಲಾರದು. ೨೭೦ ರೂಪಾಯಿ ಅತ್ತಿತ್ತ ಆಗಿಬಿಡುತ್ತದೆ. ಆಗ ಹನ್ನೊಂದರ ಪರೀಕ್ಷೆ ಬೇಕು. ಬಲದಿಂದ ಹೊರಟು ಒಂದು ಅಂಕಿಯನ್ನು ಕೂಡಿಸಬೇಕು, ಮುಂದಿನದನ್ನು ಕಳೆಯಬೇಕು. ಕಳೆದು ಸೊನ್ನೆಗಿಂತ ಕೆಳಗಿಳಿದರೆ ಹನ್ನೊಂದನ್ನು ಸೇರಿಸಬೇಕು. ೪೭ರಿಂದ ೩, ೩೮೬ರಿಂದ ೧, ಗುಣಿಸಿದರೆ ೩. ನಿಜವಾದ ಮೊತ್ತ ೧೮೧೪೨ರಿಂದಲೂ ೩ ಬರುತ್ತದೆ. ೧೮೪೧೨ರಿಂದ ಬರುವುದು ೯, ಕಳ್ಳ ಸಿಕ್ಕಿಬಿದ್ದ! ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೆ ಈ ಪರೀಕ್ಷೆಯ ಕಣ್ಣು ತಪ್ಪಿಸಲಾರವು. ನಮ್ಮ ದೊಡ್ಡ ಸಂಖ್ಯೆಯನ್ನೂ ಇದರಿಂದ ನೋಡಿರಿ. ಕೂಡಿಸಿ ಕಳೆದು ಬರುವುದು ಸೊನ್ನೆ. ಏಕೆಂದರೆ ಹನ್ನೊಂದು ಅದರ ಒಡಲಲ್ಲಿಯೇ ಇದೆ.

ಪಟ್ಟಿಯ ಮಾತು ಮನೆಯ ಮಾತಾಯಿತು. ನಾಡಿನ ಮಾತೂ ಇದೇ. ಯಲ್ಲಾಪುರದ ಮಗ್ಗಲಲ್ಲಿ ಹರಿದು ಮಾಗೋಡಿನಲ್ಲಿ ಧುಮುಕುವ ಬೇಡ್ತಿ ಹೊಳೆಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ, ಈ ಸೀಮೆಯ ಜನರು ಬರಿಯ ಕೂಗೆಬ್ಬಿಸಿ ಸುಮ್ಮನಾಗಲಿಲ್ಲ. ೧೯೨೩ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ೧೯೮೧ರಲ್ಲಿ ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ ವಿಚಾರಸಂಕಿರಣವನ್ನು ನಡೆಸಿತು. ಯೋಜನೆಯ ಖರ್ಚೆಷ್ಟು, ಫಲವೆಷ್ಟು, ಮುಳುಗುವ ಕಾಡು ತೋಟಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿದೆಯೆ ಎಂಬ ವಿಮರ್ಶೆ ಅಲ್ಲಿ ನಡೆಯಿತು. ಆ ಯೋಜನೆ ಮುಂದುವರಿಯಲಿಲ್ಲ. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಇಳಿಯುವುದಿಲ್ಲ. ನನಗೆ ಮುಖ್ಯವಾದುದು, ಅಡಿಕೆ ಬೆಳೆಯುವ ಜನ “ನಿಮ್ಮ ಸಂಖ್ಯೆಯ ದಾರವನ್ನು ತೋರಿಸಿರಿ” ಎಂದು ಕೇಳಿದರೆಂಬುದು. ಈಚಿನ ವರುಷಗಳಲ್ಲಿ ಬೇಡ್ತಿ ವರದಾ ನದಿಗಳ ಜೋಡಣೆಯ ಮಾತು ಕೇಳಿಬರುತ್ತಿದೆ. ನಾಳೆ ಇಂತಹ ಯೋಜನೆಗಳ ವರದಿಗಳನ್ನು ಓದಬೇಕಾದವರು ಯಾರು? ಗ್ರಾಮಪಂಚಾಯತಿಯ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಶಾಲೆಗಳಲ್ಲಿ ಕೂಡುವವರು ಬಹುಮಟ್ಟಿಗೆ ಕಲಾವಿಭಾಗದಲ್ಲಿ ಓದಿದ ನಾವೇ. ಅಂದು ನಾವು “ನಮಗೆ ಲೆಕ್ಕ ಬಾರದು” ಎಂದು ಕೈಕಟ್ಟಿ ಕೂಡುವುದೆ?

“ಫೋನಿದೆಯಲ್ಲ, ಅದೇ ಮಾಡುತ್ತದೆ” ಎನ್ನುವವರಿಗೆ ಒಂದು ಮಾತು. ಫೋನು ಉತ್ತರವನ್ನು ಕೊಡುತ್ತದೆ. ಪ್ರಶ್ನೆಯನ್ನು ನಾವೇ ಕೇಳಬೇಕು. ಇಷ್ಟಕ್ಕೂ ಫೋನಿನ ಗುಟ್ಟನ್ನು ಕಾಯುವುದರಲ್ಲಿಯೂ ದೊಡ್ಡ ಸಂಖ್ಯೆಗಳ ಕೈವಾಡವಿದೆ. ಎರಡು ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಒಡೆದು ಮೂಲ ತುಂಡುಗಳನ್ನು ಕಂಡುಹಿಡಿಯುವುದು ಕಷ್ಟ. ಈ ಒಂದು ಸಂಗತಿಯನ್ನೇ ಬುನಾದಿ ಮಾಡಿಕೊಂಡು ೧೯೭೭ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಅಮೆರಿಕೆಯಲ್ಲಿ ಒಂದು ಗುಪ್ತಲಿಪಿಯ ವಿಧಾನವನ್ನು ರಚಿಸಿದರು. ಅಂತರಜಾಲದ ವ್ಯವಹಾರಗಳಲ್ಲಿ ಅದು ವ್ಯಾಪಕವಾಗಿ ಬಳಕೆಗೆ ಬಂದಿತು. ನಮ್ಮ ೧೨೩೪೫೬೫೪೩೨೧ನ್ನು ಒಡೆಯುವುದು ಸುಲಭವಾದದ್ದು ಅದರ ಹೆಣಿಗೆ ನಮಗೆ ತಿಳಿದದ್ದರಿಂದ. ಹೆಣಿಗೆ ತಿಳಿಯದ, ನೂರಾರು ಅಂಕಿಗಳ ಸಂಖ್ಯೆಯಾದರೆ ಬಲವಾದ ಯಂತ್ರಗಳೂ ಸೋಲುತ್ತವೆ.

ಮಹಾವೀರಾಚಾರ್ಯರು ತಮ್ಮ ಗ್ರಂಥದ ಮೊದಲಲ್ಲಿ ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಸಂಗೀತವಿದೆ, ನಾಟಕವಿದೆ, ಅಡುಗೆಯಿದೆ. ಛಂದಸ್ಸು, ಅಲಂಕಾರ, ತರ್ಕ, ವ್ಯಾಕರಣಗಳಿವೆ. ಇವೆಲ್ಲ ನಮ್ಮ ಕಲಾವಿಭಾಗದ ವಿಷಯಗಳಲ್ಲವೆ? ತಾಳದ ಮಾತ್ರೆಯನ್ನೆಣಿಸಿ ಕುಣಿಯುವ ಯಕ್ಷಗಾನದ ಸೀಮೆಯವರಾದ ನಮಗೆ, ಷಟ್ಪದಿಗೆ ಪ್ರಸ್ತಾರ ಹಾಕುವ ಕನ್ನಡ ವಿದ್ಯಾರ್ಥಿಗಳಿಗೆ, ಸಂಖ್ಯೆ ಪರಕೀಯವಾದುದೆಂದು ಯಾರು ಹೇಳಿಕೊಟ್ಟರು?

ಆದುದರಿಂದ ಅಧ್ಯಾಪಕವರ್ಗದವರಲ್ಲಿ ನನ್ನ ವಿನಮ್ರ ವಿಜ್ಞಾಪನೆ ಮೂರು. ಮೊದಲನೆಯದು, ಶ್ರೀಮತಿ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ‘ಗಣಿತಸಾರಸಂಗ್ರಹ’ವು ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ, ಅದರ ಒಂದು ಪ್ರತಿ ನಮ್ಮ ವಾಚನಾಲಯದಲ್ಲಿರಲಿ. ಎರಡನೆಯದು, ವಾರಕ್ಕೊಂದು ಗಂಟೆ, ಪರೀಕ್ಷೆಯ ಹಂಗಿಲ್ಲದೆ, ಅಂಕಗಳ ಅಂಜಿಕೆಯಿಲ್ಲದೆ, ಸಂಖ್ಯೆಗಳ ಕೂಟವೊಂದು ನಡೆಯಲಿ, ಅಲ್ಲಿ “ಇಷ್ಟೂ ಬಾರದೆ?” ಎಂಬ ಮಾತಿಗೆ ಪ್ರವೇಶವಿರದಿರಲಿ. ನಮ್ಮಲ್ಲಿ ಬಹುಮಂದಿಯನ್ನು ಗಣಿತದಿಂದ ಅಟ್ಟಿದ್ದು ಆ ಮಾತೇ. ಮೂರನೆಯದು, ಈ ವಾರ್ಷಿಕ ಸಂಚಿಕೆಯಲ್ಲಿ ಕವನ, ಪ್ರಬಂಧಗಳ ನಡುವೆ ಪ್ರತಿವರುಷ ಒಂದು ಲೆಕ್ಕವೂ ಅಚ್ಚಾಗಲಿ.

ವಿದ್ಯಾರ್ಥಿಮಿತ್ರರಲ್ಲಿ ಕೇಳುವುದು ಇನ್ನೂ ಸಣ್ಣದು. ಆಚಾರ್ಯರ ಇನ್ನೊಂದು ಹಾರವನ್ನು ಬಿಡಿಸದೆ ಇಲ್ಲಿ ಇಟ್ಟಿದ್ದೇನೆ: ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿರಿ. ಉತ್ತರವನ್ನು ಕಂಡು “ಆಹಾ” ಎನ್ನಿರಿ. ಆಮೇಲೆ ಅದು ಹಾಗೇಕೆ ಬಂತೆಂದು ಕೇಳಿರಿ. ಬಸ್ಸಿನಲ್ಲಿ ಶಿರಸಿಯಿಂದ ಸಿದ್ದಾಪುರಕ್ಕೋ ಯಲ್ಲಾಪುರಕ್ಕೋ ಮುಟ್ಟುವುದರೊಳಗೆ ದಾರ ಕೈಗೆ ಸಿಕ್ಕೀತು.